ಆಷಾಢದ ಗಾಳಿಯನ್ನು ಚೈತ್ರದ ತನಕ ಇಟ್ಟುಕೊಳ್ಳಬಹುದೇ?

ಜೂನ್ ಬಂತೆಂದರೆ ಗದಗಿನ ಕಪ್ಪತಗುಡ್ಡದ ಮೇಲೆ ಗಾಳಿಗೆ ಹಗಲು ರಾತ್ರಿ ಎಂಬುದಿಲ್ಲ. ಗುಡ್ಡದ ಸಾಲಿನ ಗಾಳಿಯಂತ್ರಗಳೆಲ್ಲ ಒಂದೇ ಸಮನೆ ತಿರುಗುತ್ತಿರುತ್ತವೆ. ಗಜೇಂದ್ರಗಡ, ನರೇಗಲ್ ಕಡೆ ಹೋದರೂ ಅದೇ ನೋಟ. ಆದರೆ ಆ ಹೊತ್ತಿಗೆ ಮಳೆ ಹಿಡಿದಿರುತ್ತದೆ. ಹೊಲದ ಮೋಟಾರುಗಳು ಬಂದ್ ಆಗಿರುತ್ತವೆ. ಕರೆಂಟಿಗೆ ನಿಜವಾದ ಬೇಡಿಕೆ ಏಳುವುದು ಫೆಬ್ರುವರಿಯಿಂದ ಮೇ ತನಕ. ಆಗ ಗುಡ್ಡದ ಮೇಲೆ ಗಾಳಿ ಅಷ್ಟಕ್ಕಷ್ಟೇ. ರಾಜ್ಯದ ಪವನ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಹುಟ್ಟುತ್ತದೆ. ರಾಜ್ಯದ ಗರಿಷ್ಠ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿದ್ದು ಮಾತ್ರ 2025ರ ಬೇಸಿಗೆಯ ಬಾಗಿಲಲ್ಲಿ.

ಹಾಗಾಗಿ ಬ್ಯಾಟರಿಯ ಬಗ್ಗೆ ಹೊಸ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ ಒಂದು ಆಸೆ ಹುಟ್ಟುತ್ತದೆ. ಇಷ್ಟು ಗಾಳಿ ಇದೆ, ಹಿಡಿದಿಟ್ಟುಕೊಂಡರೆ ಮುಗೀತಲ್ವಾ? ಮುಗಿಯುವುದಿಲ್ಲ. ಏಕೆಂದರೆ ಇಲ್ಲಿರುವುದು ಎರಡು ಸಮಸ್ಯೆ. ಮಧ್ಯಾಹ್ನದ ಕರೆಂಟನ್ನು ಸಂಜೆಗೆ ಸಾಗಿಸುವುದು ಒಂದು, ಆಷಾಢದ ಕರೆಂಟನ್ನು ಚೈತ್ರಕ್ಕೆ ಸಾಗಿಸುವುದು ಇನ್ನೊಂದು. ಬ್ಯಾಟರಿ ಸಂಶೋಧನೆಯ ಇಡೀ ಇತಿಹಾಸ ಹೆಚ್ಚುಕಡಿಮೆ ಮೊದಲನೆಯದರ ಇತಿಹಾಸ.

ಎರಡನೆಯದಕ್ಕೆ ರಾಜ್ಯ ಕಂಡುಕೊಂಡ ದಾರಿಯಲ್ಲಿ ಬ್ಯಾಟರಿಯೇ ಇಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಮಳೆ ಇಲ್ಲದ್ದರಿಂದ ಮೋಟಾರುಗಳು ನಿಲ್ಲಲಿಲ್ಲ. ಅಕ್ಟೋಬರ್ ಹೊತ್ತಿಗೆ ಗಾಳಿಯೂ ಇಳಿದಿತ್ತು, ಜಲಾಶಯಗಳಲ್ಲಿ ನೀರೂ ಕಮ್ಮಿ. ಪಂಪ್‌ಸೆಟ್ಟಿನ ಏಳು ತಾಸಿನ ತ್ರೀ ಫೇಸ್ ಐದು ತಾಸಿಗೆ ಇಳಿಯಿತು. ರೈತರು ಹೆಸ್ಕಾಂ ಕಚೇರಿಗಳ ಮುಂದೆ ಕೂತರು. ನವೆಂಬರಿನಲ್ಲಿ ಮತ್ತೆ ಏಳು ತಾಸಾಯಿತು. ಆ ವರ್ಷ ಕರ್ನಾಟಕ ಮಾಡಿದ್ದು ಕೈಗಡ. ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ಬೇಸಿಗೆ ಮುಗಿಯುವ ತನಕ ಕರೆಂಟ್ ತೆಗೆದುಕೊಳ್ಳುವುದು, ಮಳೆಗಾಲದಲ್ಲಿ ವಾಪಸ್ ಕೊಡುವುದು. ಪಂಜಾಬಿಗೆ ಭತ್ತದ ಗದ್ದೆಗೆ ನೀರೆತ್ತಲು ಜೂನ್‌ನಿಂದಲೇ ಕರೆಂಟ್ ಬೇಕು. ನಮ್ಮಲ್ಲಿ ಗಾಳಿ ಏಳುವುದೂ ಆಗಲೇ. ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಇದರ ಬಗ್ಗೆ ಬ್ಯಾಟರಿಯಷ್ಟು ಸುದ್ದಿ ಆಗುವುದಿಲ್ಲ, ಯಾಕೋ ಗೊತ್ತಿಲ್ಲ.

ಈಗ ಬ್ಯಾಟರಿಯ ಕಥೆಗೆ ಬರೋಣ. ಹುಬ್ಬಳ್ಳಿಯ ಮನೆ, ಅಂಗಡಿಗಳಲ್ಲಿ ಇನ್ವರ್ಟರಿನ ಕೆಳಗೆ ಕೂತಿರುವ ಭಾರದ ಕಪ್ಪು ಪೆಟ್ಟಿಗೆಯ ವಯಸ್ಸು 160 ವರ್ಷ ದಾಟಿದೆ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಸೀಸದ ಹಾಳೆಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ, ಖಾಲಿಯಾದ ಮೇಲೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿ ಮಾಡಿದ. 1881ರಲ್ಲಿ ಕ್ಯಾಮಿಲ್ ಫೋರ್ ಸೀಸದ ಪುಡಿಯ ಲೇಪ ಹಚ್ಚುವ ಉಪಾಯ ಕಂಡುಕೊಂಡ ಮೇಲೆ ಅದು ಕಾರ್ಖಾನೆಯ ಸರಕಾಯಿತು. ಇಂದಿಗೂ ಒಳಗಿನ ರಸಾಯನ ಬದಲಾಗಿಲ್ಲ. ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಿದರೆ ಆಯಿತು, ಹಳೆಯದನ್ನು ಕೊಟ್ಟರೆ ಅಂಗಡಿಯವರು ಹೊಸದರ ಬೆಲೆಯಲ್ಲಿ ಕಡಿತ ಕೊಡುತ್ತಾರೆ, ಒಳಗಿನ ಸೀಸ ಕರಗಿ ಮತ್ತೆ ಬ್ಯಾಟರಿಯೇ ಆಗುತ್ತದೆ. ತೊಂದರೆ ಇರುವುದು ತೂಕದಲ್ಲಿ. ಒಂದು ಕಿಲೋ ಸೀಸದ ಬ್ಯಾಟರಿಯಲ್ಲಿ 30ರಿಂದ 40 ವ್ಯಾಟ್-ಅವರ್ ಹಿಡಿದರೆ ಹೆಚ್ಚು (ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್). ಸೆಖೆಯನ್ನೂ ಅದು ತಡೆಯುವುದಿಲ್ಲ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಅರ್ಧ ಇಳಿಯುತ್ತದೆ ಎಂಬುದು ಬ್ಯಾಟರಿ ಎಂಜಿನಿಯರುಗಳ ಹಳೆಯ ಅಂದಾಜು. ಏಪ್ರಿಲ್‌ನಲ್ಲಿ ಮುಂಡರಗಿಯ ತಗಡಿನ ಶೆಡ್ಡಿನೊಳಗೆ ಇಟ್ಟರೆ ಏನಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ.

ನೂರು ವರ್ಷ ಹೀಗೇ ನಡೆಯಿತು. ಬದಲಾವಣೆಗೆ ಮೊದಲ ಹೆಜ್ಜೆ ಲಿಥಿಯಂನಿಂದ ಅಲ್ಲ, ಉಪ್ಪಿನಲ್ಲಿರುವ ಸೋಡಿಯಂನಿಂದ ಶುರುವಾಯಿತು ಎಂಬುದನ್ನು ಜನ ಮರೆತಿದ್ದಾರೆ. 1960ರ ದಶಕದ ಕೊನೆಗೆ ಅಮೆರಿಕದ ಫೋರ್ಡ್ ಕಂಪನಿ ಸೋಡಿಯಂ-ಗಂಧಕದ ಬ್ಯಾಟರಿ ಪ್ರಕಟಿಸಿತು. ಅದು 300 ಡಿಗ್ರಿಯ ಸುತ್ತಮುತ್ತ ಕಾದರೆ ಮಾತ್ರ ಕೆಲಸ ಮಾಡುತ್ತಿತ್ತು. ಕಾರಿನಲ್ಲಿ ಇಡುವುದು ಸುಲಭದ ಮಾತಲ್ಲ. ಆದರೆ ಗಟ್ಟಿ ಪದಾರ್ಥದ ಒಳಗೆ ಸೋಡಿಯಂ ಕಣಗಳು ಓಡಾಡಬಲ್ಲವು ಎಂಬ ವಿಷಯ ಜಾನ್ ಗುಡ್‌ಇನಫ್ ಎಂಬ ಭೌತವಿಜ್ಞಾನಿಯ ತಲೆಯಲ್ಲಿ ಕೂತಿತು. ಕಂಪ್ಯೂಟರಿನ ಮೆಮೊರಿಗೆ ಬೇಕಾದ ಕಾಂತೀಯ ವಸ್ತುಗಳ ಮೇಲೆ ಕೆಲಸ ಮಾಡುತ್ತಿದ್ದವರು ಅವರು. 1976ರಲ್ಲಿ ಹಾಂಗ್ ಎಂಬ ಸಹೋದ್ಯೋಗಿಯ ಜೊತೆ ಸೇರಿ ಸೋಡಿಯಂ ಸರಾಗವಾಗಿ ಹರಿಯುವ ಒಂದು ಹರಳಿನ ರಚನೆ ಕಂಡುಹಿಡಿದರು. ಅದರ ಹೆಸರು ನಾಸಿಕಾನ್. ಈ ಹೆಸರು ಮುಂದೆ ಬೆಂಗಳೂರಿನಲ್ಲಿ ಮತ್ತೆ ಸಿಗುತ್ತದೆ.

ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂದು ಪೆಟ್ರೋಲಿನ ಬೆಲೆ ಏರಿತ್ತು. ವಿಚಿತ್ರ ಎಂದರೆ, ಮೊದಲು ಎಚ್ಚೆತ್ತವರು ಎಣ್ಣೆ ಕಂಪನಿಯವರೇ. ಎಕ್ಸಾನ್‌ನಲ್ಲಿದ್ದ ಸ್ಟಾನ್ಲಿ ವಿಟಿಂಗ್‌ಹ್ಯಾಮ್ ಟೈಟಾನಿಯಂ ಸಲ್ಫೈಡಿನ ಪದರಗಳ ನಡುವೆ ಲಿಥಿಯಂ ಸೇರಿಸಿ ತೆಗೆಯುವ ಬ್ಯಾಟರಿ ಮಾಡಿದರು. ಇನ್ನೊಂದು ಬದಿಗೆ ಲಿಥಿಯಂ ಲೋಹವನ್ನೇ ಇಟ್ಟಿದ್ದರು. ಪ್ರತಿ ಚಾರ್ಜಿಗೂ ಆ ಲೋಹದ ಮೇಲೆ ಸೂಜಿಯಂಥ ಮುಳ್ಳು ಬೆಳೆದು, ಆಚೆ ಬದಿ ಮುಟ್ಟಿ, ಬೆಂಕಿ ಹತ್ತುತ್ತಿತ್ತು. 1980ರಲ್ಲಿ ಗುಡ್‌ಇನಫ್ ಆಕ್ಸ್‌ಫರ್ಡಿನಲ್ಲಿ ಕೋಬಾಲ್ಟ್ ಆಕ್ಸೈಡ್ ಬಳಸಿ 4 ವೋಲ್ಟ್ ಪಡೆದರು. 1985ರಲ್ಲಿ ಜಪಾನಿನ ಅಕಿರಾ ಯೊಶಿನೊ ಲಿಥಿಯಂ ಲೋಹವನ್ನೇ ಕೈಬಿಟ್ಟು, ಆ ಜಾಗದಲ್ಲಿ ಪೆಟ್ರೋಲಿಯಂ ಕೋಕ್ ಎಂಬ ಇದ್ದಿಲಿನಂಥ ಇಂಗಾಲ ಇಟ್ಟರು. ಮುಳ್ಳಿನ ಕಾಟ ತಪ್ಪಿತು. 1991ರಲ್ಲಿ ಸೋನಿ ಅದನ್ನು ಮಾರುಕಟ್ಟೆಗೆ ತಂದಿತು. ಈ ಮೂವರಿಗೆ ನೊಬೆಲ್ ಬಂದಿದ್ದು 2019ರಲ್ಲಿ. ಗುಡ್‌ಇನಫ್ ಅವರಿಗೆ ಆಗ 97 ವರ್ಷ. ಅವರ ಪರವಾಗಿ ನೊಬೆಲ್ ಉಪನ್ಯಾಸ ಕೊಟ್ಟಿದ್ದು ಅವರ ಜೊತೆ ದಶಕಗಳ ಕಾಲ ಕೆಲಸ ಮಾಡಿದ, ತಮಿಳುನಾಡಿನಲ್ಲಿ ಹುಟ್ಟಿ ಬೆಳೆದ ಅರುಮುಗಂ ಮಂಥಿರಂ.

ನಮ್ಮ ಗುಡ್ಡಗಳಿಗೆ ಸಂಬಂಧಪಟ್ಟ ತಿರುವು ಮಾತ್ರ 1997ರದು. ಕೋಬಾಲ್ಟ್ ದುಬಾರಿ, ಬಿಸಿಯಾದರೆ ಅಪಾಯ. ಅದರ ಬದಲು ಕಬ್ಬಿಣ ಮತ್ತು ಫಾಸ್ಫೇಟ್ ಬಳಸಬಹುದು ಎಂದು ಗುಡ್‌ಇನಫ್ ಅವರ ಟೆಕ್ಸಾಸ್ ಲ್ಯಾಬಿನಲ್ಲಿ ಅಕ್ಷಯ ಪಾಢಿ ಮತ್ತು ಸಂಗಡಿಗರು ತೋರಿಸಿದರು. ತೂಕ ಸ್ವಲ್ಪ ಜಾಸ್ತಿ, ಆದರೆ ಅಗ್ಗ, ಬಾಳಿಕೆ ಜಾಸ್ತಿ, ಸುಲಭಕ್ಕೆ ಬೆಂಕಿ ಹಿಡಿಯುವುದಿಲ್ಲ. ಸಬ್‌ಸ್ಟೇಷನ್ ಪಕ್ಕ ಕಾಂಕ್ರೀಟ್ ಕಟ್ಟೆಯ ಮೇಲೆ ಕೂರುವ ಪೆಟ್ಟಿಗೆಗೆ ತೂಕದ ಚಿಂತೆ ಯಾಕೆ? ಇವತ್ತು ಗ್ರಿಡ್ಡಿಗೆ ಜೋಡಿಸುವ ಬ್ಯಾಟರಿಗಳಲ್ಲಿ ಬಹುಪಾಲು ಇದೇ ಜಾತಿಯವು.

ಬೆಲೆ ಬಿದ್ದ ವೇಗ ದಂಗುಬಡಿಸುವಂಥದ್ದು. ಬ್ಲೂಮ್‌ಬರ್ಗ್‌ನ ಸಂಶೋಧನಾ ಸಂಸ್ಥೆಯ ಲೆಕ್ಕದಲ್ಲಿ 2010ರ ಸುಮಾರಿಗೆ ಒಂದು ಕಿಲೋವ್ಯಾಟ್-ಅವರ್, ಅಂದರೆ ಒಂದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರಿಗಿಂತ ಜಾಸ್ತಿ ಇತ್ತು. 2024ರಲ್ಲಿ ಸರಾಸರಿ 115 ಡಾಲರ್. ಭಾರತದಲ್ಲಿ 2022ರಲ್ಲಿ ಕರೆದ ದೊಡ್ಡ ಟೆಂಡರಿನಲ್ಲಿ ಎರಡು ತಾಸಿನ ಬ್ಯಾಟರಿಗೆ ಪ್ರತಿ ಮೆಗಾವ್ಯಾಟಿಗೆ ತಿಂಗಳಿಗೆ 10.83 ಲಕ್ಷ ರೂಪಾಯಿ ಬಾಡಿಗೆ ಬಂತು. 2024ರ ಕೊನೆಗೆ ಕೆಲವು ರಾಜ್ಯಗಳ ಟೆಂಡರಿನಲ್ಲಿ ಅದು 2.2 ಲಕ್ಷದ ಆಸುಪಾಸಿಗೆ ಇಳಿಯಿತು. ಷರತ್ತುಗಳು ಒಂದೇ ಅಲ್ಲ, ಕೇಂದ್ರದ ನೆರವಿನ ಪಾಲೂ ಇದೆ. ಆದರೂ ಇಳಿದದ್ದು ನಿಜ.

ಇಲ್ಲಿಯೇ ಒಂದು ಲೆಕ್ಕ ಹಾಕಬೇಕು. 5 ಎಚ್‌ಪಿ ಮೋಟಾರು ಏಳು ತಾಸು ಓಡಿದರೆ ದಿನಕ್ಕೆ ಸುಮಾರು 26 ಯೂನಿಟ್. ಒಂದು ಯೂನಿಟ್ ಹಿಡಿಯುವ ಬ್ಯಾಟರಿಗೆ 10 ಸಾವಿರ ರೂಪಾಯಿ ಎಂದು ಹಿಡಿದರೆ, ಒಂದು ದಿನದ ಕರೆಂಟ್ ಇಡಲು 2.6 ಲಕ್ಷದ ಬ್ಯಾಟರಿ ಸಾಕು. ದಿನಾ ತುಂಬಿಸಿ ದಿನಾ ಖಾಲಿ ಮಾಡಿದರೆ ಹತ್ತು ವರ್ಷದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸಲ ಅದು ದುಡಿಯುತ್ತದೆ. ಆದರೆ ಬೇಸಿಗೆಯ ನೂರು ದಿನಕ್ಕೆ ಬೇಕಾದ 2,600 ಯೂನಿಟ್ಟನ್ನು ಆಷಾಢದಲ್ಲೇ ತುಂಬಿಸಿಡಬೇಕೆಂದರೆ? 2.6 ಕೋಟಿ ರೂಪಾಯಿ, ಒಂದು ಮೋಟಾರಿಗೆ! ಅದೂ ವರ್ಷಕ್ಕೆ ಒಂದೇ ಸಲ ದುಡಿಯುವ ಬ್ಯಾಟರಿ. ಬೆಲೆ ಇನ್ನೂ ಅರ್ಧಕ್ಕೆ ಇಳಿದರೂ ಈ ಲೆಕ್ಕ ಕೂಡುವುದಿಲ್ಲ. ಜೋಳ ತುಂಬಿ ವರ್ಷಗಟ್ಟಲೆ ಇಡುವ ಹಗೇವು ನಮಗೆ ಬೇಕು, ವಿಜ್ಞಾನಿಗಳು ಕೊಡುತ್ತಿರುವುದು ನಾಳೆಯ ರೊಟ್ಟಿಯ ಬುಟ್ಟಿ.

ಬುಟ್ಟಿಯಾದರೂ ಅಗ್ಗವಾಗಲಿ ಎಂದರೆ ಲಿಥಿಯಂ ನಮ್ಮಲ್ಲಿ ಹೆಚ್ಚಿಲ್ಲ. 2020ರಲ್ಲಿ ಮಂಡ್ಯದ ಮರಳಗಾಲದಲ್ಲಿ 14,100 ಟನ್ ಲಿಥಿಯಂ ಇದೆ ಎಂದು ದೊಡ್ಡ ಸುದ್ದಿಯಾಯಿತು. ಮರುವರ್ಷ ಸರ್ಕಾರ ಕೊಟ್ಟ ಅಂದಾಜು 1,600 ಟನ್. ಸೋಡಿಯಂ ಮತ್ತೆ ನೆನಪಾಗಿದ್ದು ಇಂಥ ಕಾರಣಗಳಿಗೇ. ಉಪ್ಪು ಇರುವ ಕಡೆಯೆಲ್ಲ ಸೋಡಿಯಂ ಇದೆ. ಲಿಥಿಯಂ ಬ್ಯಾಟರಿಯ ಒಂದು ಬದಿಗೆ ತಾಮ್ರದ ಹಾಳೆ ಬೇಕೇ ಬೇಕು, ಸೋಡಿಯಂಗೆ ಎರಡೂ ಬದಿ ಅಲ್ಯೂಮಿನಿಯಂ ನಡೆಯುತ್ತದೆ. ಹಾಗಾದರೆ ಇಷ್ಟು ವರ್ಷ ಯಾಕೆ ಮೂಲೆಗೆ ಬಿದ್ದಿತ್ತು? ಸೋಡಿಯಂ ಕಣ ದಪ್ಪ. ಲಿಥಿಯಂಗೆ ಜಾಗ ಕೊಡುವ ಗ್ರಾಫೈಟ್ ಎಂಬ ಇಂಗಾಲ ಸೋಡಿಯಂಗೆ ಸರಿಯಾಗಿ ಜಾಗ ಕೊಡುವುದಿಲ್ಲ. 2000ದಲ್ಲಿ ಕೆನಡಾದ ಸ್ಟೀವನ್ಸ್ ಮತ್ತು ಜೆಫ್ ಡಾನ್, ಪದರಗಳು ಅಡ್ಡಾದಿಡ್ಡಿ ಇರುವ ಹಾರ್ಡ್ ಕಾರ್ಬನ್ ಒಳಗೆ ಸೋಡಿಯಂ ಕೂರುತ್ತದೆ ಎಂದು ತೋರಿಸಿದ ಮೇಲೆ ದಾರಿ ತೆರೆಯಿತು. 2021ರಲ್ಲಿ ಚೀನಾದ ಸಿಎಟಿಎಲ್ ಕಂಪನಿ ತನ್ನ ಸೋಡಿಯಂ ಸೆಲ್ ಪ್ರಕಟಿಸಿತು. ಕಿಲೋಗೆ 160 ವ್ಯಾಟ್-ಅವರ್.

2025ರಲ್ಲಿ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಿಂದ ಸುದ್ದಿ ಬಂತು. ಪ್ರೇಮ್‌ಕುಮಾರ್ ಸೆಂಗುಟ್ಟುವನ್ ಅವರ ತಂಡ ಆರು ನಿಮಿಷದಲ್ಲಿ ಶೇ 80ರಷ್ಟು ಚಾರ್ಜ್ ಆಗುವ, 3,000 ಸಲಕ್ಕಿಂತ ಹೆಚ್ಚು ಚಾರ್ಜ್ ತಾಳುವ ಸೋಡಿಯಂ ಬ್ಯಾಟರಿ ಮಾಡಿತ್ತು. ಅದರೊಳಗಿನ ವಸ್ತು ನಾಸಿಕಾನ್ ಜಾತಿಯದು, 1976ರ ಅದೇ ರಚನೆ. ನಿಯೋಬಿಯಂ, ವೆನೇಡಿಯಂ ಇರುವ ಹರಳನ್ನು ನ್ಯಾನೊ ಗಾತ್ರಕ್ಕೆ ಇಳಿಸಿ, ಮೇಲೆ ಇಂಗಾಲದ ಪದರ ಹೊದಿಸಿ, ಸ್ವಲ್ಪ ಅಲ್ಯೂಮಿನಿಯಂ ಬೆರೆಸಿದ್ದಾರೆ. ಪತ್ರಿಕೆಗಳು ಹಿಡಿದುಕೊಂಡಿದ್ದು ಆರು ನಿಮಿಷವನ್ನು. ಸ್ಕೂಟರ್ ಓಡಿಸುವವರಿಗೆ ಅದು ದೊಡ್ಡ ಮಾತೇ. ಸಬ್‌ಸ್ಟೇಷನ್ನಿಗೆ ಆರು ನಿಮಿಷ ಯಾಕೆ ಬೇಕು? ಬಿಸಿಲು ಆರು ತಾಸು ಇರುತ್ತದೆ, ಆರಾಮಾಗಿ ತುಂಬಲಿ. ನಾನು ಹುಡುಕುವುದು 3,000 ಎಂಬ ಆ ಎರಡನೇ ಅಂಕಿಯನ್ನು. ಲ್ಯಾಬಿನ ಪುಟ್ಟ ಸೆಲ್ ತಾಳಿದ್ದನ್ನು ಗದಗಿನ 40 ಡಿಗ್ರಿ ಸೆಖೆಯಲ್ಲಿ ಕಾರ್ಖಾನೆಯ ಸೆಲ್ ತಾಳಬೇಕು. ಲ್ಯಾಬಿನಿಂದ ಅಲ್ಲಿಗೆ ಬರಲು ಲಿಥಿಯಂ ಕೋಬಾಲ್ಟಿಗೆ 11 ವರ್ಷ ಹಿಡಿದಿತ್ತು.

ಕಾರ್ಖಾನೆಯ ಮಾತು ಬಂದರೆ ಧಾರವಾಡದ ಹೆಸರು ಬರಲೇಬೇಕು. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ದೇಶದೊಳಗೇ ಸೆಲ್ ಮಾಡುವವರಿಗೆ 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಒಪ್ಪಿತು. ಗುರಿ ವರ್ಷಕ್ಕೆ 50 ಗಿಗಾವ್ಯಾಟ್-ಅವರ್, ಅಂದರೆ 5 ಕೋಟಿ ಯೂನಿಟ್ ಹಿಡಿಯುವಷ್ಟು ಸೆಲ್. ಇಂಥದ್ದೇ ರಸಾಯನ ಇರಬೇಕು ಎಂಬ ಷರತ್ತಿಲ್ಲ. ಆಯ್ಕೆಯಾದವರಲ್ಲಿ ಬೆಂಗಳೂರಿನ ರಾಜೇಶ್ ಎಕ್ಸ್‌ಪೋರ್ಟ್ಸ್ ಒಂದು, ಪಾಲಿಗೆ ಬಂದಿದ್ದು 5 ಗಿಗಾವ್ಯಾಟ್-ಅವರ್. 2022ರ ಜುಲೈನಲ್ಲಿ ಒಪ್ಪಂದಕ್ಕೆ ಸಹಿ ಬಿತ್ತು. ಜಾಗ ಧಾರವಾಡ. ಎರಡು ವರ್ಷದಲ್ಲಿ ಕಾರ್ಖಾನೆ ಏಳಬೇಕಿತ್ತು. ಆ ಅವಧಿಯಲ್ಲಿ ಸೆಲ್ ಹೊರಬರಲಿಲ್ಲ. ಚಿನ್ನದ ವ್ಯಾಪಾರದ ಕಂಪನಿ ಸೆಲ್ ಮಾಡಲು ಹೊರಟಾಗಲೇ ಅನುಮಾನ ಪಟ್ಟವರಿದ್ದರು. ಆದರೆ ಸೆಲ್ ತಯಾರಿಕೆ ಯಾರಿಗೂ ಸುಲಭದ್ದಲ್ಲ. ಯಂತ್ರ, ಕಚ್ಚಾ ವಸ್ತು, ಕೈಪಳಗಿದ ಜನ, ಎಲ್ಲದರಲ್ಲೂ ಚೀನಾ ಮುಂದೆ ಇದೆ.

ಇತ್ತ ಗಾಳಿಯಂತ್ರಗಳು ನಿಂತಿಲ್ಲ. 2024-25ರಲ್ಲಿ ದೇಶದಲ್ಲೇ ಅತಿ ಹೆಚ್ಚು, 1,331 ಮೆಗಾವ್ಯಾಟ್ ಪವನ ವಿದ್ಯುತ್ ಸಾಮರ್ಥ್ಯ ಸೇರಿಸಿದ ರಾಜ್ಯ ನಮ್ಮದು. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಯಿತು, ಗುಡ್ಡದ ಮೇಲೆ ಬೇಕಾದಂತೆ ಕಂಬ ನೆಡುವ ಕಾಲ ಮುಗಿಯಿತು. ಹೊಸವು ಬಯಲು ಸೀಮೆಯ ಎರೆಹೊಲಗಳಲ್ಲಿ ಏಳುತ್ತಿವೆ. ಧಾರವಾಡಕ್ಕೆ ಹತ್ತಿರದ ಸವದತ್ತಿಯಲ್ಲಿ ಮಲಪ್ರಭೆಯ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟ್ ತೆಗೆಯುವ ಗ್ರೀನ್‌ಕೋ ಕಂಪನಿಯ ಯೋಜನೆಯೂ ಇದೆ. ಸಾವಿರ ಮೆಗಾವ್ಯಾಟಿಗೂ ಮೇಲಿನದು. ಅದೂ ದಿನದ ಲೆಕ್ಕದ್ದೇ, ಋತುವಿನ ಲೆಕ್ಕದ್ದಲ್ಲ. ಅಮೆರಿಕದಲ್ಲಿ ಕಬ್ಬಿಣ ತುಕ್ಕು ಹಿಡಿಯುವ, ಮತ್ತೆ ತುಕ್ಕು ಬಿಡುವ ಕ್ರಿಯೆಯಿಂದ 100 ತಾಸು ಕರೆಂಟ್ ಕೊಡುವ ಬ್ಯಾಟರಿ ಸಿದ್ಧವಾಗುತ್ತಿದೆ. ನೂರು ತಾಸು ಎಂದರೆ ನಾಲ್ಕು ದಿನ. ಸಂಡೂರಿನ ಅದಿರು ಪಕ್ಕದಲ್ಲೇ ಇರುವವರಿಗೆ ಕೇಳಲು ಖುಷಿಯಾಗುತ್ತದೆ, ಆದರೆ ನಾಲ್ಕು ತಿಂಗಳಿಗೂ ನಾಲ್ಕು ದಿನಕ್ಕೂ ತುಂಬಾ ದೂರ.

ಪಂಪ್‌ಸೆಟ್ಟಿನ ಮಟ್ಟಿಗೆ ಹೇಳುವುದಾದರೆ, ಕರೆಂಟನ್ನೇ ಕೂಡಿಡಬೇಕು ಎಂದು ಹಟ ಯಾಕೆ? ರೈತನಿಗೆ ಬೇಕಾದದ್ದು ನೀರು. ಬೇಸಿಗೆಯಲ್ಲಿ ಗಾಳಿ ಇಲ್ಲದಿದ್ದರೂ ಬಿಸಿಲಿಗೆ ಬರವಿಲ್ಲ. ಹೊಲದ ಫೀಡರಿಗೆ ಸೋಲಾರ್ ಜೋಡಿಸುವ ಕುಸುಮ್ ಯೋಜನೆ ಹಗಲಲ್ಲೇ ತ್ರೀ ಫೇಸ್ ಕೊಡುವ ದಾರಿ. ಹಗಲು ಎತ್ತಿದ ಕೊಳವೆಬಾವಿ ನೀರು ಕೃಷಿ ಹೊಂಡದಲ್ಲಿ ನಿಂತರೆ ಮುಂಜಾನೆ ಹಾಯಿಸಬಹುದು. 2014ರ ಕೃಷಿ ಭಾಗ್ಯದಿಂದ ಇಂಥ ಹೊಂಡ ಈ ಸೀಮೆಗೆ ಪರಿಚಿತ. ತಳಕ್ಕೆ ಹಾಳೆ ಹಾಸಿ, ಆವಿ ತಡೆಯಲು ನೆರಳಿನ ಬಲೆ ಕಟ್ಟಿದರೆ ಒಂದೆರಡು ದಿನದ ನೀರು ಅಲ್ಲೇ ಉಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಬ್ಯಾಟರಿ ದೀಪ ಹಿಡಿದು, ಹಾವು ಚೇಳಿಗೆ ಹೆದರುತ್ತ ಮೋಟಾರ್ ಚಾಲೂ ಮಾಡಲು ಹೋಗುವುದು ತಪ್ಪುತ್ತದೆ. ಆಗ ಸಬ್‌ಸ್ಟೇಷನ್ನಿನ ದುಬಾರಿ ಬ್ಯಾಟರಿ ಸಂಜೆ ಏಳರಿಂದ ಹತ್ತರ ತನಕ ಊರ ಮನೆಗಳಿಗೆ, ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜುಗಳಿಗೆ ಉಳಿಯುತ್ತದೆ. ಆಷಾಢದ ಗಾಳಿಯ ಕರೆಂಟ್ ಪಂಜಾಬಿನ ಭತ್ತಕ್ಕೆ ಹೋಗಿ, ಬೇಸಿಗೆಗೆ ವಾಪಸ್ ಬರಲಿ. ಅದಕ್ಕೆ ಬೇಕಾಗಿರುವುದು ಗಟ್ಟಿಯಾದ ತಂತಿ ಮಾರ್ಗ ಮತ್ತು ಎರಡು ರಾಜ್ಯಗಳ ನಡುವೆ ನೆಟ್ಟಗಿನ ಲೆಕ್ಕ.