ತವರದ ನ್ಯೂಕ್ಲಿಯಸ್ ತಡಮಾಡುವುದು ಯಾಕೆ?

ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸುತ್ತೇವಲ್ಲ, ಆ ಬೆಳ್ಳಗಿನ ಲೋಹ ತವರ. ಅದಕ್ಕೆ ಹತ್ತು ಸ್ಥಿರ ಐಸೋಟೋಪುಗಳಿವೆ, ಅಂದರೆ ಪ್ರೋಟಾನು ಅಷ್ಟೇ ಇದ್ದು ನ್ಯೂಟ್ರಾನಿನ ಸಂಖ್ಯೆ ಮಾತ್ರ ಬೇರೆಯಾದ ರೂಪಗಳು. ಬೇರೆ ಯಾವ ಧಾತುವಿಗೂ ಇಷ್ಟಿಲ್ಲ. ಕಾರಣ ಅದರ 50 ಪ್ರೋಟಾನುಗಳು. ನ್ಯೂಕ್ಲಿಯಸ್ಸಿನಲ್ಲಿ ಕಣಗಳು ಪದರ ಪದರವಾಗಿ, ಅಂದರೆ ಕವಚಗಳಲ್ಲಿ, ಕೂರುತ್ತವೆ; 50 ಎಂದರೆ ಕವಚ ಪೂರ್ತಿ ತುಂಬಿತು ಎಂದು ಲೆಕ್ಕ. ಈ ಲೆಕ್ಕವನ್ನು 1949ರಲ್ಲಿ ಬಿಡಿಸಿದವರು ಭೌತವಿಜ್ಞಾನಿಗಳಾದ ಮರಿಯಾ ಗೋಪರ್ಟ್ ಮೇಯರ್ ಮತ್ತು ಹಾನ್ಸ್ ಯೆನ್ಸನ್. ಪ್ರೋಟಾನುಗಳು ಭದ್ರವಾಗಿ ಕೂತಿರುವುದರಿಂದ ತವರದಲ್ಲಿ ನ್ಯೂಟ್ರಾನುಗಳ ವರ್ತನೆಯನ್ನೇ ಬಿಡಿಯಾಗಿ ನೋಡಬಹುದು. ಗಾಮಾ ಕಿರಣ ಅಳೆಯುವ ನನ್ನಂಥವರಿಗೆ ತವರದ ಮೇಲೆ ಇಷ್ಟು ಪ್ರೀತಿ ಅದಕ್ಕೇ.

ಶಕ್ತಿ ಏರಿದ ನ್ಯೂಕ್ಲಿಯಸ್ ಸಾಮಾನ್ಯವಾಗಿ ಸೆಕೆಂಡಿನ ಲಕ್ಷಕೋಟಿಯ ಒಂದು ಭಾಗದ ಆಸುಪಾಸಿನಲ್ಲಿ ಗಾಮಾ ಕಿರಣ ಬಿಟ್ಟು ಕೆಳಗಿಳಿಯುತ್ತದೆ. ಕೆಲವು ಮಾತ್ರ ಮಧ್ಯದಲ್ಲಿ ನಿಂತುಬಿಡುತ್ತವೆ. ಆ ಸ್ಥಿತಿಗೆ ಐಸೋಮರ್ ಎನ್ನುತ್ತಾರೆ. ನಮ್ಮ ಕಾಸರಗೋಡಿನಿಂದ ಮಂಗಳೂರಿಗೆ ಹೋಗಿ ಬೋನ್ ಸ್ಕ್ಯಾನ್ ಮಾಡಿಸಿದವರ ಮೈಗೆ ಹೋದ ಟೆಕ್ನೀಶಿಯಂ 99ಎಂ ಕೂಡ ಐಸೋಮರೇ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಇಳಿದುಹೋಗಲು ಬೇಕಾದ ಸಮಯ, 6 ಗಂಟೆ. ತವರದಲ್ಲಿ ನಾನು ಹೇಳುತ್ತಿರುವವು ಮೈಕ್ರೋಸೆಕೆಂಡಿನವು, ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದವು. ಚಿಕ್ಕದು ಅನಿಸುತ್ತದೆ ಅಲ್ವಾ? ಆದರೆ ಆ ಲೋಕದಲ್ಲಿ ಅದು ಮಾಮೂಲಿಗಿಂತ ಲಕ್ಷಗಟ್ಟಲೆ ಪಟ್ಟು ಜಾಸ್ತಿ.

ನಿಲ್ಲುವುದು ಯಾಕೆ? ನ್ಯೂಟ್ರಾನುಗಳು ಜೋಡಿಯಾಗಿ ಇರುತ್ತವೆ. ಎಚ್ 11/2 ಎಂಬ ಕಕ್ಷೆಯಲ್ಲಿ 12 ಜಾಗ. ಅಲ್ಲಿ ಒಂದು ಜೋಡಿ ಒಡೆದರೆ ಎರಡೂ ಸೇರಿ ಹೆಚ್ಚೆಂದರೆ 10ರ ಸ್ಪಿನ್ (ತಿರುಗುವಿಕೆಯ ಅಳತೆ) ಕೊಡುತ್ತವೆ. ಅದರ ಕೆಳಗಿನ ಮೆಟ್ಟಿಲು 8. ಎರಡರ ನಡುವಿನ ಶಕ್ತಿಯ ಅಂತರ ತೀರಾ ಕಡಿಮೆ. ತವರ 130ರಲ್ಲಿ (ಪ್ರೋಟಾನು, ನ್ಯೂಟ್ರಾನು ಸೇರಿ 130) ಸುಮಾರು 97 ಕಿಲೋ ಎಲೆಕ್ಟ್ರಾನ್ ವೋಲ್ಟ್; ನ್ಯೂಕ್ಲಿಯಸ್ಸಿನ ಶಕ್ತಿ ಅಳೆಯುವ ಮಾನ ಅದು. ನಮ್ಮ ಕಡೆ ನೀರಿಗಾಗಿ ಗುಡ್ಡದಲ್ಲಿ ಕೊರೆದ ಸುರಂಗದಲ್ಲಿ ಇಳಿಜಾರು ಕಮ್ಮಿಯಾದರೆ ನೀರು ನಿಧಾನವಾಗುವ ಹಾಗೆ ಇಲ್ಲೂ ಆಗುತ್ತದೆ. ಆದರೆ ಇಲ್ಲಿಯ ನಿಯಮ ಬಹಳ ಕಠಿಣ: ಅಂತರ ಅರ್ಧಕ್ಕಿಳಿದರೆ ವೇಗ 32 ಪಟ್ಟು ಕುಸಿಯುತ್ತದೆ.

ಅಂತರವೊಂದೇ ಕಾರಣವಲ್ಲ. ಈ 10ರ ಸ್ಥಿತಿಯ ಅರ್ಧಾಯುಷ್ಯ ತವರ 130ರಲ್ಲಿ ಸುಮಾರು 1.6 ಮೈಕ್ರೋಸೆಕೆಂಡ್. 124ಕ್ಕೆ ಬಂದರೆ 45, 122ರಲ್ಲಿ 62. ಅಲ್ಲಿಂದ ಕೆಳಗೆ 120ರಲ್ಲಿ ಮತ್ತೆ 6ರ ಹತ್ತಿರ. ನಡುವೆ ಇಷ್ಟು ಏರಿದ್ದು ಕಕ್ಷೆ ಅರ್ಧ ತುಂಬಿದ ಕಡೆ. ಗಾಮಾ ಬಿಟ್ಟು ಇಳಿಯುವುದಕ್ಕೆ ಅಲ್ಲಿ ತುಂಬಿದ ಜಾಗಗಳ ಕೊಡುಗೆಯೂ ಖಾಲಿ ಜಾಗಗಳ ಕೊಡುಗೆಯೂ ಒಂದನ್ನೊಂದು ಅಳಿಸಿಹಾಕುತ್ತವೆ. ಇಳಿಯುವ ದಾರಿ ಹೆಚ್ಚುಕಡಿಮೆ ಮುಚ್ಚಿಹೋಗುತ್ತದೆ. 122, 124 ಎರಡೂ ಕಲಾಯಿಯಲ್ಲೇ ಇವೆ, ಸುಮಾರು 4.6 ಮತ್ತು 5.8 ಶೇಕಡಾ. ಶಕ್ತಿ ಏರದ ಸ್ಥಿತಿಯಲ್ಲಿರುವುದರಿಂದ ಪಾತ್ರೆಯಲ್ಲಿ ಅವು ಸುಮ್ನೆ ಇರುತ್ತವೆ.

ನ್ಯೂಟ್ರಾನ್ ಜಾಸ್ತಿ ಇರುವವನ್ನು ಯುರೇನಿಯಂ ಒಡೆದು ಪಡೆಯಬೇಕು. ಚೂರುಗಳು ಹಾರಿ ಬಂದು ಒಂದು ಫಲಕದಲ್ಲಿ ನಿಂತ ಕ್ಷಣದಿಂದ ಗಡಿಯಾರ ಶುರು. ಸುತ್ತಲಿನ ಜರ್ಮೇನಿಯಂ ಡಿಟೆಕ್ಟರುಗಳು ತಡವಾಗಿ ಬರುವ ಗಾಮಾವನ್ನು ಹಿಡಿಯುತ್ತವೆ. ಹಾರಾಟಕ್ಕೇ ನೂರಾರು ನ್ಯಾನೋಸೆಕೆಂಡ್ (ಒಂದು ನ್ಯಾನೋ ಎಂದರೆ ಮೈಕ್ರೋಸೆಕೆಂಡಿನ ಸಾವಿರದ ಒಂದು ಭಾಗ) ಬೇಕು, ಹಾಗಾಗಿ ತೀರಾ ಅಲ್ಪಾಯುಷಿಗಳಲ್ಲಿ ಹೆಚ್ಚಿನವು ದಾರಿಯಲ್ಲೇ ಮುಗಿಯುತ್ತವೆ. ಅರ್ಧಾಯುಷ್ಯ ಉದ್ದವಾದರೆ ಬೇರೆ ತೊಂದರೆ: ಮುಂದಿನ ಚೂರು ಬಂದು ಬೆರೆತುಬಿಡುತ್ತದೆ. ಹೊಸಬರು ಮೊದಲು ಶಕ್ತಿಯ ಗೆರೆ ನೋಡುತ್ತಾರೆ. ನಾನು ಸಮಯದ ಗ್ರಾಫ್ ನೋಡಿಸುತ್ತೇನೆ. ಕಾಂಕ್ರೀಟ್ ಗೋಡೆಯ ಪೊಟ್ಯಾಶಿಯಂ 40 ಕೂಡ 1461 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಚೆಂದದ ಗೆರೆ ಕೊಡುತ್ತದೆ, ಆದರೆ ಅದು ಸಮಯದೊಂದಿಗೆ ಇಳಿಯುವುದಿಲ್ಲ. ಐಸೋಮರ್ ಇಳಿಯುತ್ತದೆ.

ತವರ 132ರಲ್ಲಿ ನ್ಯೂಟ್ರಾನುಗಳ ಕವಚವೂ 82ಕ್ಕೆ ತುಂಬುತ್ತದೆ. ಅದರಾಚೆ ಎಫ್ 7/2 ಕಕ್ಷೆ, ಜಾಗ 8. ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯಲ್ಲಿ ನಡೆದ ಅಳತೆಗಳು 2014ರಲ್ಲಿ ಪ್ರಕಟವಾದವು. ಸ್ಪಿನ್ 6ರ ಐಸೋಮರಿಗೆ 136ರಲ್ಲಿ 46 ನ್ಯಾನೋಸೆಕೆಂಡ್, 138ರಲ್ಲಿ ಸುಮಾರು 210. 134ರದ್ದು 80ರಷ್ಟು ಎಂದು ಮೊದಲೇ ಗೊತ್ತಿತ್ತು. ಅರ್ಧ ತುಂಬಿದ್ದು 136. ಅದೇ ಎಲ್ಲಕ್ಕಿಂತ ನಿಧಾನವಾಗಬೇಕಿತ್ತು, ಆದರೆ ಅದೇ ಬೇಗ ಇಳಿಯಿತು.

ಪೆರ್ಲದಲ್ಲಿ ಮಕ್ಕಳಿಗೆ ಇದನ್ನು ತೋರಿಸಿದಾಗ ಒಬ್ಬಳು ಕೇಳಿದಳು, "ಟೀಚರ್, ಹಾಗಾದ್ರೆ ಆ ನಿಯಮ ತಪ್ಪಾ?"

ಒಳ್ಳೆಯ ಪ್ರಶ್ನೆ. ಅರ್ಧ ತುಂಬಿದಲ್ಲಿ ಎಲ್ಲಕ್ಕಿಂತ ನಿಧಾನ ಎಂಬ ನಿಯಮ ನಿಂತಿರುವುದು ಒಂದೇ ಜೋಡಿ ಒಡೆದಿದೆ ಎಂಬ ಊಹೆಯ ಮೇಲೆ. 136ರಲ್ಲಿ ಎರಡು ಜೋಡಿ ಒಡೆದ ಸ್ಥಿತಿಯೂ ಹತ್ತಿರ ಬಂದು ಬೆರೆಯುತ್ತದೆ. ಆಗ ಕೊಡುಗೆಗಳು ಪೂರ್ತಿ ಅಳಿಸಿಹೋಗುವುದಿಲ್ಲ, ದಾರಿ ತೆರೆದುಕೊಳ್ಳುತ್ತದೆ. ಎಫ್ 7/2 ಕಕ್ಷೆಯಲ್ಲಿ ಜೋಡಿಗಳನ್ನು ಹಿಡಿದಿಡುವ ಬಲವನ್ನು ಲೆಕ್ಕದಲ್ಲಿ ಸ್ವಲ್ಪ ಕುಗ್ಗಿಸಿದ ಮೇಲೆಯೇ ಉತ್ತರ ಅಳತೆಗೆ ಹೊಂದಿತು. ಅದಕ್ಕೇ ನನಗೆ 122ರ 62 ಮೈಕ್ರೋಸೆಕೆಂಡಿಗಿಂತ 136ರ ಈ 46 ನ್ಯಾನೋಸೆಕೆಂಡ್ ಹೆಚ್ಚು ಬೆಲೆಯದ್ದು.