ಕುವೈತ್‌ನಿಂದ ಗಿಣಿಗೇರಾದ ಡ್ರಮ್ಮಿನವರೆಗೆ: ಸ್ಟೈರೀನ್ ದರ ಓದುವುದು ಹೇಗೆ?

ಫೈಬರ್ ಟ್ಯಾಂಕಿಗೆ ಕೊಟೇಶನ್ ಕೊಟ್ಟು ಹದಿನೈದು ದಿನ ಆಗಿರುತ್ತದೆ. ಆರ್ಡರ್ ಕೈಗೆ ಬರುವಷ್ಟರಲ್ಲಿ, ಗಾಜಿನ ನಾರಿನ ಮ್ಯಾಟಿಗೆ ಹಚ್ಚುವ ಅಂಟುದ್ರವವಾದ ರೆಸಿನ್‌ಗೆ ಡೀಲರ್ ಕಿಲೋಗೆ ಹತ್ತು ರೂಪಾಯಿ ಏರಿಸಿರುತ್ತಾರೆ. ಯಾಕೆಂದು ಕೇಳಿದರೆ ಒಂದೇ ಉತ್ತರ: ‘ಸ್ಟೈರೀನ್ ತುಟ್ಟಿ ಆಗೇದ್ರಿ.’ ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳಿಗೆ, ಗಿಣಿಗೇರಾ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ, ರಾಯಚೂರು ಸುತ್ತಿನ ಘಟಕಗಳಿಗೆ ಟ್ಯಾಂಕು, ಡಕ್ಟು, ಕೂಲಿಂಗ್ ಟವರ್ ಸಾಮಾನು ಮಾಡಿಕೊಡುವ ಶೆಡ್‌ಗಳಲ್ಲಿ ಈ ಮಾತಿಗೆ ಎದುರು ಮಾತಿಲ್ಲ. ಎದುರಾಡಲು ಬೇಕಾದ ಲೆಕ್ಕವಂತೂ ಇದೆ, ಅದು ಕಷ್ಟದ್ದೂ ಅಲ್ಲ.

ಸಾಮಾನ್ಯ ಬಳಕೆಯ ಪಾಲಿಎಸ್ಟರ್ ರೆಸಿನ್‌ನಲ್ಲಿ ತೂಕದ ಶೇ 35ರಿಂದ 40ರಷ್ಟು ಸ್ಟೈರೀನ್ ಇರುತ್ತದೆ, ರೆಸಿನ್ನನ್ನು ತೆಳುವಾಗಿಡುವ ದ್ರವ ಇದು. ಉಳಿದದ್ದು ಥಾಲಿಕ್ ಅನ್‌ಹೈಡ್ರೈಡ್, ಮ್ಯಾಲಿಕ್ ಅನ್‌ಹೈಡ್ರೈಡ್ ಮತ್ತು ಗ್ಲೈಕಾಲ್ ಸೇರಿಸಿ ಬೇಯಿಸಿದ ಪಾಲಿಎಸ್ಟರ್. ಲೆಕ್ಕಕ್ಕೆ ಡಾಲರಿಗೆ 90 ರೂಪಾಯಿ ಎಂದು ಹಿಡಿಯಿರಿ. ಸ್ಟೈರೀನ್ ಟನ್ನಿಗೆ 100 ಡಾಲರ್ ಏರಿದರೆ ಕಿಲೋಗೆ 9 ರೂಪಾಯಿ ಆಯಿತು. ಅದರ ಶೇ 40, ಅಂದರೆ 3 ರೂಪಾಯಿ 60 ಪೈಸೆ, ರೆಸಿನ್ ಮೇಲೆ ಬೀಳಬೇಕು. ಬರೀ ಸ್ಟೈರೀನ್ ಕಾರಣಕ್ಕೆ ರೆಸಿನ್ ಹತ್ತು ರೂಪಾಯಿ ಏರಬೇಕೆಂದರೆ ಸ್ಟೈರೀನ್ ಸುಮಾರು 280 ಡಾಲರ್ ಜಿಗಿದಿರಬೇಕು. ಅಷ್ಟು ಜಿಗಿದಿಲ್ಲವಾದರೆ ಉಳಿದ ರೂಪಾಯಿಗೆ ಬೇರೆ ಕಾರಣ ಕೇಳುವ ಹಕ್ಕು ನಿಮ್ಮದು. ಗ್ಲೈಕಾಲ್ ಏರಿರಬಹುದು, ರೂಪಾಯಿ ಇಳಿದಿರಬಹುದು. ಏನೂ ಇಲ್ಲದೆಯೂ ಇರಬಹುದು.

ಸ್ಟೈರೀನ್ ಹುಟ್ಟುವುದು ಬೆಂಜೀನ್ ಮತ್ತು ಎಥಿಲೀನ್‌ನಿಂದ. ಎರಡನ್ನೂ ಸೇರಿಸಿ ಎಥಿಲ್‌ಬೆಂಜೀನ್ ಮಾಡಿ, ಅದನ್ನು ಹಬೆಯೊಂದಿಗೆ ಸುಮಾರು 600 ಡಿಗ್ರಿಯಲ್ಲಿ ಕಬ್ಬಿಣದ ಆಕ್ಸೈಡ್ ವೇಗವರ್ಧಕದ ಮೇಲೆ ಹಾಯಿಸುತ್ತಾರೆ. (ಸಂಡೂರಿನ ಕೆಂಪು ಮಣ್ಣಿನಲ್ಲಿರುವುದೂ ಕಬ್ಬಿಣದ ಆಕ್ಸೈಡೇ. ನಂಟು ಅಷ್ಟಕ್ಕೇ ಮುಗಿಯಿತು.) ಒಂದು ಟನ್ ಸ್ಟೈರೀನಿಗೆ ಸುಮಾರು 0.8 ಟನ್ ಬೆಂಜೀನ್, 0.3 ಟನ್ ಎಥಿಲೀನ್ ಬೇಕು. ಹಾಗಾಗಿ ಸ್ಟೈರೀನ್ ದರ ನೋಡುವವರು ಮೊದಲು ಬೆಂಜೀನ್ ದರ ನೋಡಬೇಕು.

ಎರಡನ್ನೂ ಪಕ್ಕಪಕ್ಕ ಬರೆದಿಟ್ಟರೆ ಮೂರು ಚಿತ್ರ ಕಾಣುತ್ತವೆ. ಬೆಂಜೀನ್ ಏರಿ ಅದರ ಹಿಂದೆಯೇ ಸ್ಟೈರೀನ್ ಏರಿದರೆ ಅದು ಕಚ್ಚಾ ತೈಲದ ಕಥೆ, ಬೇಗ ಇಳಿಯುವುದಿಲ್ಲ. ಬೆಂಜೀನ್ ನಿಂತಲ್ಲೇ ನಿಂತು ಸ್ಟೈರೀನ್ ಒಂದೇ ಜಿಗಿದರೆ ಎಲ್ಲೋ ಘಟಕ ನಿಂತಿದೆ ಅಥವಾ ಹಡಗು ತಡವಾಗಿದೆ. ಘಟಕ ಮತ್ತೆ ಓಡಿದಾಗ ದರವೂ ಇಳಿಯುತ್ತದೆ. ಇಂಥ ಹೊತ್ತಿನಲ್ಲಿ ಗಾಬರಿಬಿದ್ದು ಐವತ್ತು ಡ್ರಮ್ ಎತ್ತಿದವರೇ ಸೋಲುವುದು. ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಬೆಂಜೀನ್ ಏರಿದೆ, ಸ್ಟೈರೀನ್ ಏರಿಲ್ಲ. ಮಾರುಕಟ್ಟೆ ತಣ್ಣಗಿದೆ ಎನಿಸುತ್ತದೆ. ಆದರೆ ಕಾರ್ಖಾನೆಗಳು ನಷ್ಟದಲ್ಲಿ ಓಡುತ್ತಿರುತ್ತವೆ, ಇಂದಲ್ಲ ನಾಳೆ ಉತ್ಪಾದನೆ ತಗ್ಗಿಸುತ್ತವೆ, ಕೆಲವು ವಾರದಲ್ಲಿ ಮಾಲಿಗೆ ಬರ ಬರುತ್ತದೆ. ಸ್ವಲ್ಪ ಹೆಚ್ಚಿಗೆ ಖರೀದಿಸಿಡುವುದಾದರೆ ಅದಕ್ಕೆ ಹೊತ್ತು ಇದು.

ಈ ನಿಯಮಕ್ಕೆ ಒಂದು ಅಪವಾದ ಉಂಟು. ಹಾಸಿಗೆ ಫೋಮಿನ ಕಚ್ಚಾ ಮಾಲಾದ ಪ್ರೊಪಿಲೀನ್ ಆಕ್ಸೈಡ್ ಜೊತೆಗೇ ಸ್ಟೈರೀನ್ ಕೊಡುವ ಘಟಕಗಳಲ್ಲಿ ಒಂದು ಟನ್ ಆಕ್ಸೈಡಿಗೆ ಎರಡು ಟನ್ನಿಗಿಂತ ಹೆಚ್ಚು ಸ್ಟೈರೀನ್ ಬರುತ್ತದೆ. ಆ ಫೋಮಿಗೆ ಬೇಡಿಕೆ ಇರುವ ತನಕ, ಸ್ಟೈರೀನ್‌ನಲ್ಲಿ ನಷ್ಟವಾದರೂ ಅವು ನಿಲ್ಲುವುದಿಲ್ಲ.

ಭಾರತ ದಶಕಗಳಿಂದ ಸ್ಟೈರೀನನ್ನು ಆಮದು ಮಾಡಿಕೊಂಡೇ ಬಂದಿದೆ. ಪಾಣಿಪತ್‌ನಲ್ಲಿ ವರ್ಷಕ್ಕೆ 3.87 ಲಕ್ಷ ಟನ್ನಿನ ಘಟಕವನ್ನು ಇಂಡಿಯನ್ ಆಯಿಲ್ 2021ರಲ್ಲಿ ಘೋಷಿಸಿತು. ದೇಶದ ಬೇಡಿಕೆ ಅದಕ್ಕಿಂತ ಬಹಳ ದೊಡ್ಡದು. ಕುವೈತ್ ಮತ್ತು ಸೌದಿಯ ಜುಬೈಲ್ ನಮಗೆ ಮುಖ್ಯ ಮೂಲ, ಗುಜರಾತಿನ ಕಾಂಡ್ಲಾ ಬಂದರು ಮುಖ್ಯ ಬಾಗಿಲು. ಕುವೈತ್, ಜುಬೈಲ್ ಎರಡರಿಂದಲೂ ಹೊರಡುವ ಹಡಗು ಹಾರ್ಮುಜ್ ಜಲಸಂಧಿ ದಾಟಿಯೇ ಬರಬೇಕು. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆದಾಗ ಇಲ್ಲಿಯೂ ರೆಸಿನ್ ಸಿಗುವುದಿಲ್ಲ ಎಂಬ ಗುಲ್ಲು ಎದ್ದಿತು. ಕೊಲ್ಲಿಯಿಂದ ಕಾಂಡ್ಲಾಕ್ಕೆ ಬರುವ ಹಡಗು ಕೆಂಪು ಸಮುದ್ರವನ್ನು ಮುಟ್ಟುವುದೇ ಇಲ್ಲ. ಹಡಗು ಬಾಡಿಗೆ ಏರಬಹುದು, ಅಷ್ಟೆ. ಹಾರ್ಮುಜ್ ಸುದ್ದಿ ಬಂದರೆ ಮಾತ್ರ ಅದೇ ದಿನ ಡೀಲರಿಗೆ ಫೋನ್ ಮಾಡಿ.

ದೂರದ ಸುದ್ದಿಯನ್ನೆಲ್ಲ ತಳ್ಳಿಹಾಕುವಂತೆಯೂ ಇಲ್ಲ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ಹೆಪ್ಪುಗಟ್ಟಿ ಅಲ್ಲಿನ ಕರಾವಳಿಯ ಘಟಕಗಳು ನಿಂತಾಗ, ಅಲ್ಲಿಂದ ಕೊಳ್ಳುತ್ತಿದ್ದವರು ಏಷ್ಯಾದತ್ತ ತಿರುಗಿದರು. ಬಿಸಿ ಇಲ್ಲಿಗೂ ತಟ್ಟಿತು. ಚೀನಾ 2020ರಿಂದೀಚೆಗೆ ತನ್ನ ಸಾಮರ್ಥ್ಯವನ್ನು ಭಾರಿಯಾಗಿ ಹೆಚ್ಚಿಸಿಕೊಂಡಿದೆ. ಒಂದು ಕಾಲಕ್ಕೆ ಜಗತ್ತಿನ ದೊಡ್ಡ ಆಮದುದಾರ, ಈಗ ದರ ಕೂಡಿಬಂದರೆ ರಫ್ತನ್ನೂ ಮಾಡುತ್ತದೆ. ಅಲ್ಲಿನ ದಾಲಿಯನ್ ಸರಕು ವಿನಿಮಯ ಕೇಂದ್ರದಲ್ಲಿ 2019ರ ಸೆಪ್ಟೆಂಬರಿನಿಂದ ಸ್ಟೈರೀನ್ ವಾಯಿದಾ ವಹಿವಾಟು, ಅಂದರೆ ಮುಂದೆ ಕೊಡುವ ಮಾಲಿಗೆ ಇಂದೇ ದರ ಕಟ್ಟುವ ವ್ಯಾಪಾರ, ಇದೆ. ಪೂರ್ವ ಚೀನಾದ ಬಂದರು ಟ್ಯಾಂಕುಗಳ ದಾಸ್ತಾನು ಅಂಕಿ ವಾರಕ್ಕೊಮ್ಮೆ ಬರುತ್ತದೆ. ಸತತ ಮೂರು ವಾರ ದಾಸ್ತಾನು ಕರಗಿದರೆ ಅದು ದರ ಏರುವ ಸೂಚನೆ, ಸುಮ್ಮನೆ ಬಿಡಬೇಡಿ. ಏಷ್ಯಾದ ಅನೇಕ ಘಟಕಗಳು ಮಾರ್ಚ್‌ನಿಂದ ಮೇ ನಡುವೆ ದುರಸ್ತಿಗೆ ನಿಲ್ಲುತ್ತವೆ. ಅದು ಮೊದಲೇ ಗೊತ್ತಿರುವ ನಿಲುಗಡೆ, ದರದಲ್ಲಿ ಆಗಲೇ ಸೇರಿಹೋಗಿರುತ್ತದೆ. ದಿಢೀರನೆ ನಿಂತದ್ದು ದರ ಅಲ್ಲಾಡಿಸುತ್ತದೆ.

ಸಮಸ್ಯೆ ಏನೆಂದರೆ ಆ ಮಾರ್ಚ್‌ನಿಂದ ಮೇ ನಮಗೆ ಬೇಸಿಗೆ. ದರ ಏರುತ್ತದೆಂದು ಖಾತ್ರಿಯಾದರೂ ರಾಯಚೂರಿನ ತಗಡಿನ ಶೆಡ್ಡಿನಲ್ಲಿ ರೆಸಿನ್ ಕೂಡಿಡುವುದಕ್ಕೆ ಮಿತಿ ಇದೆ. ಡ್ರಮ್ಮಿನ ಮೇಲೆ ಆರು ತಿಂಗಳು ಬಾಳಿಕೆ ಎಂದಿದ್ದರೆ ಅದು 25 ಡಿಗ್ರಿಗೆ. ಪ್ರತಿ 10 ಡಿಗ್ರಿ ಏರಿಕೆಗೆ ಬಾಳಿಕೆ ಅರ್ಧ ಎಂದು ಅಂದಾಜಿಸಿ: 35ರಲ್ಲಿ ಮೂರು ತಿಂಗಳು, 45ರಲ್ಲಿ ಒಂದೂವರೆ. ಬಂದ ದಿನಾಂಕವಲ್ಲ, ತಯಾರಾದ ದಿನಾಂಕದಿಂದ ಎಣಿಸಬೇಕು. ಡೀಲರ್ ಗೋದಾಮಿನಲ್ಲಿ ಕಳೆದ ಎರಡು ತಿಂಗಳು ಅದರಲ್ಲೇ ಹೋಯಿತು. ಏಪ್ರಿಲ್ ಮೇನಲ್ಲಿ ಮೂವತ್ತು ದಿನದ ಬಳಕೆಗಿಂತ ಹೆಚ್ಚು ಇಡಬೇಡಿ. ಕಿಲೋಗೆ ನಾಲ್ಕು ರೂಪಾಯಿ ಉಳಿಸಹೋಗಿ 220 ಕಿಲೋ ಡ್ರಮ್ ಒಂದು ಗಟ್ಟಿಯಾದರೆ ಎಷ್ಟು ಡ್ರಮ್ಮಿನ ಉಳಿತಾಯ ಅದರಲ್ಲಿ ಮುಳುಗುತ್ತದೆ, ನೀವೇ ಲೆಕ್ಕ ಹಾಕಿ. ಕೋಲು ಅದ್ದಿ ಎತ್ತಿದಾಗ ರೆಸಿನ್ ಎಳೆ ಎಳೆಯಾಗಿ ಬಂದರೆ, ಅಂಚಿನಲ್ಲಿ ಜೆಲ್ಲಿ ಕಂಡರೆ ಆ ಡ್ರಮ್ಮನ್ನು ಮೊದಲು ಬಳಸಿ ಮುಗಿಸೋಣ ಎನ್ನಬೇಡಿ. ಅದು ಮುಗಿದ ಮಾಲು.

ತೆಳು ಮಾಡಲು ಬಿಡಿ ಸ್ಟೈರೀನ್ ಇಟ್ಟುಕೊಳ್ಳುವವರು ಇನ್ನೂ ಎಚ್ಚರ ಇರಬೇಕು. ತಾನಾಗಿ ಗಟ್ಟಿಯಾಗದಂತೆ ಅದರಲ್ಲಿ ಟಿಬಿಸಿ ಎಂಬ ತಡೆದ್ರವ್ಯವನ್ನು ದಶಲಕ್ಷದಲ್ಲಿ 10ರಿಂದ 15 ಭಾಗ ಹಾಕಿರುತ್ತಾರೆ. ಅದು ಕೆಲಸ ಮಾಡಲು ಕರಗಿದ ಆಮ್ಲಜನಕ ಬೇಕು, ಬಿಸಿಯಲ್ಲಿ ಬೇಗ ಖಾಲಿಯಾಗುತ್ತದೆ. 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಲಾಕ್‌ಡೌನ್ ಕಾಲದಿಂದ ನಿಂತಿದ್ದ ಟ್ಯಾಂಕ್ ಬಿಸಿಯೇರಿ ಆವಿ ಹೊರನುಗ್ಗಿ 12 ಜನ ಸತ್ತದ್ದು ಇದೇ ದ್ರವದಿಂದ. ಸ್ಟೈರೀನ್ 31 ಡಿಗ್ರಿಗೇ ಕಿಡಿ ಹಿಡಿಯುವಷ್ಟು ಆವಿ ಬಿಡುತ್ತದೆ. ನಮ್ಮ ಬೇಸಿಗೆಯ ಬೆಳಗ್ಗೆ ಹತ್ತಕ್ಕೇ ಆ ಮಟ್ಟ ದಾಟುತ್ತದೆ. ಒಂದು ವಾರದ ಬಳಕೆ ಸಾಕು, ನೆರಳಿನಲ್ಲಿ, ವೆಲ್ಡಿಂಗ್‌ನಿಂದ ದೂರ.

ಪಾಲಿಎಸ್ಟರ್ ಭಾಗಕ್ಕಿಂತ ಸ್ಟೈರೀನ್ ಅಗ್ಗವಾದಾಗ ಬೇರೆ ಆಟ ಶುರುವಾಗುತ್ತದೆ: ಶೇ 40 ಇರಬೇಕಾದ ಸ್ಟೈರೀನ್ 50ಕ್ಕೆ ಹೋಗುತ್ತದೆ. ಅಂಥ ರೆಸಿನ್ ಮ್ಯಾಟಿನೊಳಗೆ ಬೇಗ ಇಳಿಯುತ್ತದೆ, ಕೆಲಸಗಾರರು ಹೊಗಳುತ್ತಾರೆ. ಗಟ್ಟಿಯಾಗುವಾಗ ಹೆಚ್ಚು ಕುಗ್ಗುತ್ತದೆ, ಮೂಲೆಯಲ್ಲಿ ಸಣ್ಣ ಬಿರುಕು ಬಿಡುತ್ತದೆ, ಟ್ಯಾಂಕ್ ಸೋರಿದ ಮೇಲೆ ದೂರು ಬರುವುದು ನಿಮ್ಮ ಮೇಲೆ. ಒಳ್ಳೆಯ ಬ್ಯಾಚಿನಿಂದ ಅರ್ಧ ಲೀಟರ್ ತೆಗೆದು ತಂಪು ಜಾಗದಲ್ಲಿ ಇಟ್ಟುಕೊಳ್ಳಿ, ಬೇಸಿಗೆಗೆ ಮುನ್ನ ಹೊಸದು ಹಾಕಿ. ಹೊಸ ಡ್ರಮ್ ಬಂದಾಗ ಎರಡನ್ನೂ ಒಂದೇ ಉಷ್ಣತೆಗೆ ತಂದು, ತಳದಲ್ಲಿ 4 ಮಿ.ಮೀ. ತೂತಿನ ಫೋರ್ಡ್ ಕಪ್ಪಿನಲ್ಲಿ ಇಳಿಬಿಟ್ಟು ಸೆಕೆಂಡು ಎಣಿಸಿ. ಹೊಸದು ಬಹಳ ಬೇಗ ಖಾಲಿಯಾದರೆ ಅದರಲ್ಲಿ ಸ್ಟೈರೀನ್ ಹೆಚ್ಚಿರಬಹುದು, ಬಿಲ್ ಪಾವತಿಸುವ ಮುಂಚೆ ಫೋನ್ ಮಾಡಿ.

ಬಂದರಿನ ದರ ನಿಜವಾಗಿ ನಮ್ಮ ಡ್ರಮ್ಮಿಗೆ ಇಳಿಯಲು ಹಡಗು, ಟ್ಯಾಂಕ್, ರೆಸಿನ್ ಕಾರ್ಖಾನೆ, ಲಾರಿ ಎಲ್ಲ ಸೇರಿ ಮೂರರಿಂದ ಆರು ವಾರ ಬೇಕು. ಏರುವಾಗ ಮರುದಿನವೇ ಏರುತ್ತದೆ. ಇಳಿಯುವಾಗ ‘ಹಳೇ ಸ್ಟಾಕ್ ಮುಗೀಲಿ ಅಣ್ಣಾ’ ಎನ್ನುತ್ತಾರೆ. ಸೋಮವಾರಕ್ಕೊಮ್ಮೆ ಬೆಂಜೀನ್, ಸ್ಟೈರೀನ್, ಡಾಲರ್ ಮತ್ತು ನಿಮ್ಮ ಡೀಲರ್ ಹೇಳಿದ ದರ, ಈ ನಾಲ್ಕನ್ನು ನೋಟ್‌ಬುಕ್ಕಿನಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ. ಆರು ವಾರದ ಹಿಂದಿನ ಸಾಲನ್ನು ತೋರಿಸಿ ಮಾತಾಡಿದರೆ ಡೀಲರ್ ಎರಡು ರೂಪಾಯಿಯಾದರೂ ಇಳಿಸುತ್ತಾರೆ. ಕೊಟೇಶನ್ನಿನ ಕೆಳಗೆ ‘ಈ ದರ 7 ದಿನಕ್ಕೆ ಮಾತ್ರ’ ಎಂದು ಹಾಕುವುದನ್ನು ಮರೆಯಬೇಡಿ.