ಹೋಟೆಲಿನ ಅನುಭವ ಆಸ್ಪತ್ರೆಯ ಸಂದರ್ಶನದಲ್ಲಿ

ಬೆಂಗಳೂರಿನ ಆಸ್ಪತ್ರೆಗಳಲ್ಲಿ ಸ್ವಾಗತ ವಿಭಾಗ, ಬಿಲ್ಲಿಂಗ್ ಹಾಗೂ ವಿಮಾ ಡೆಸ್ಕ್‌ನ ಹುದ್ದೆಗಳಿಗೆ ನಡೆಯುವ ಸಂದರ್ಶನಗಳಿಗೆ ಹೋಟೆಲ್, ಕಾಲ್‌ಸೆಂಟರ್, ಬ್ಯಾಂಕುಗಳಲ್ಲಿ ದುಡಿದವರೂ ಬರುತ್ತಾರೆ. ‘ನನಗೆ ತಾಳ್ಮೆಯಿದೆ, ಜನರೊಡನೆ ಚೆನ್ನಾಗಿ ಮಾತನಾಡಬಲ್ಲೆ’ ಎಂದಷ್ಟೇ ಹೇಳಿ ಹಲವರು ಸುಮ್ಮನಾಗುತ್ತಾರೆ. ಯಾರು ಬೇಕಾದರೂ ಹೇಳಬಹುದಾದ ಈ ಮಾತಿನಿಂದ ಅಂಕ ಕೊಡುವ ನಮ್ಮಂಥ ಆಸ್ಪತ್ರೆಯ ಸಂದರ್ಶಕರಿಗೆ ಏನೂ ದಕ್ಕುವುದಿಲ್ಲ.

ಹೋಟೆಲಿನಲ್ಲಿದ್ದವರು ಹೀಗೆ ಹೇಳಿದರೆ ಚಿತ್ರವೇ ಬೇರೆ: ‘ಕೊಠಡಿ ಸಿದ್ಧವಾಗದಿದ್ದಾಗ ಹೌಸ್‌ಕೀಪಿಂಗ್‌ಗೆ ಕರೆಮಾಡಿ ಎಷ್ಟು ಹೊತ್ತಾಗುತ್ತದೆಂದು ತಿಳಿದುಕೊಂಡು ಅತಿಥಿಗೆ ಹೇಳುತ್ತಿದ್ದೆ, ಆ ಹೊತ್ತು ಮೀರುವಂತಿದ್ದರೆ ಅವರು ಕೇಳುವ ಮೊದಲೇ ನಾನೇ ಹೋಗಿ ತಿಳಿಸುತ್ತಿದ್ದೆ.’ ಡಿಸ್ಚಾರ್ಜ್ ದಿನ ನಮಗೆ ಬೇಕಾಗುವುದು ಇದೇ ಅಭ್ಯಾಸ. ಆಸ್ಪತ್ರೆ ಕೋರಿಕೆ ಕಳಿಸಿದ 3 ಗಂಟೆಯೊಳಗೆ ವಿಮಾ ಕಂಪನಿ ನಗದುರಹಿತ ಚಿಕಿತ್ಸೆಯ (ಬಿಲ್ಲನ್ನು ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಕಟ್ಟುವ ವ್ಯವಸ್ಥೆ) ಅಂತಿಮ ಒಪ್ಪಿಗೆ ನೀಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆ ಹೇಳುತ್ತದೆ. ‘ಮನೆಗೆ ಹೋಗಬಹುದು’ ಎಂದು ವೈದ್ಯರು ಬೆಳಿಗ್ಗೆಯೇ ಹೇಳಿಹೋದ ಮೇಲೆ ಆ ಒಪ್ಪಿಗೆಗಾಗಿ ಕಾಯುವ ಮನೆಯವರ ಸಿಟ್ಟೆಲ್ಲ ಎರಗುವುದು ಕೌಂಟರ್‌ನಲ್ಲಿ ಕುಳಿತವರ ಮೇಲೆ.

ಹಳೆಯ ಕೆಲಸದ ಯಾವ ಅಭ್ಯಾಸವನ್ನು ಬಿಟ್ಟುಬರಬೇಕು ಎಂಬುದನ್ನೂ ಹೇಳಬಲ್ಲ ಅಭ್ಯರ್ಥಿಯನ್ನು ನಾನು ಇನ್ನೂ ಹೆಚ್ಚು ನಂಬುತ್ತೇನೆ. ಹೋಟೆಲಿನಲ್ಲಿ ಅತಿಥಿಯನ್ನು ‘204ರವರು’ ಎಂದು ಗುರುತಿಸಿದರೆ ಕೆಲಸ ನಡೆಯುತ್ತದೆ. ಆಸ್ಪತ್ರೆಯಲ್ಲಿ ರೋಗಿಯನ್ನು ಗುರುತಿಸಲು ಹೆಸರಿನ ಜೊತೆಗೆ ಆಸ್ಪತ್ರೆಯ ನೋಂದಣಿ ಸಂಖ್ಯೆಯೋ ಜನ್ಮದಿನಾಂಕವೋ ಹೀಗೆ ಕನಿಷ್ಠ 2 ಗುರುತುಗಳು ತಾಳೆಯಾಗಬೇಕು. ಹಾಸಿಗೆ ಬದಲಾಗುತ್ತಲೇ ಇರುವುದರಿಂದ ಕೊಠಡಿ ಸಂಖ್ಯೆಯನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಕೇಳುವ ಬಗೆಯೂ ಬೇರೆ. ‘ನೀವು ರಾಮಣ್ಣ ತಾನೇ?’ ಎಂದರೆ ಮಂಪರಿನಲ್ಲಿರುವವರೂ ಕಿವಿ ಮಂದವಾದ ಹಿರಿಯರೂ ‘ಹೂಂ’ ಎಂದುಬಿಡುತ್ತಾರೆ. ‘ನಿಮ್ಮ ಹೆಸರು ಹೇಳಿ’ ಎಂದೇ ಕೇಳಬೇಕು. ಇಷ್ಟನ್ನು ತಿಳಿದುಕೊಂಡು ಬಂದವರು ಸಂದರ್ಶನಕ್ಕೆ ಸಿದ್ಧತೆ ಮಾಡಿಕೊಂಡಿದ್ದಾರೆಂದು ಬೇರೆ ಹೇಳಬೇಕಿಲ್ಲ.

ಶುಶ್ರೂಷೆಯ ಹುದ್ದೆಗೆ ಮಾತ್ರ ಈ ಯಾವುದೂ ನರ್ಸಿಂಗ್ ಪರಿಷತ್ತಿನ ನೋಂದಣಿಗೆ ಬದಲಿಯಾಗದು.

ನಗರದಲ್ಲಿ ಕನ್ನಡದೊಂದಿಗೆ ತಮಿಳು, ತೆಲುಗು, ಹಿಂದಿ, ಉರ್ದು ಬಲ್ಲವರಿಗೆ ಮನ್ನಣೆಯಿದೆ. ಆದರೆ ‘ಐದು ಭಾಷೆ ಬರುತ್ತದೆ’ ಎನ್ನುವುದಕ್ಕಿಂತ, ಯಾವ ಭಾಷೆಯಲ್ಲಿ ಬಿಲ್ಲಿನ ವಿವರವನ್ನು ಬಿಡಿಸಿ ಹೇಳಬಲ್ಲಿರಿ, ಯಾವುದರಲ್ಲಿ ದಾರಿ ತೋರಿಸುವಷ್ಟೇ ಬರುತ್ತದೆ ಎಂದು ತಿಳಿಸಿ. ಚಿಕಿತ್ಸೆಯ ಅಪಾಯಗಳ ಬಗ್ಗೆ ಯಾರಾದರೂ ಕೇಳಿದರೆ, ಭಾಷೆ ಎಷ್ಟೇ ಚೆನ್ನಾಗಿ ಬಂದರೂ, ವೈದ್ಯರನ್ನೇ ಕರೆಸುತ್ತೇನೆ ಎಂಬ ಉತ್ತರ ನಮಗೆ ಬೇಕು.